ಹುಣಸೂರಿನ ಎತ್ತು, ಗಾಡಿ, ಗಾಲಿ

ಪೋರ್ಚುಗಲ್ ದೇಶದ ಡೋರೊ ನದಿಯ ಕಣಿವೆ ಇಂದು ಸೈಕಲ್ ಯಾತ್ರಿಕರ ಮೆಚ್ಚಿನ ದಾರಿ. ಎರಡೂ ದಂಡೆಯ ಗುಡ್ಡಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ, ಕೆಳಗೆ ಹೊಳೆ, ಹೊಳೆ ಕಡಲು ಸೇರುವಲ್ಲಿ ಪೋರ್ತೊ ಎಂಬ ಹಳೆಯ ಪಟ್ಟಣ. ಅಲ್ಲಿಗೆ ನಾನು ಹೋಗಿಲ್ಲ. ಆದರೂ ಆ ಕಣಿವೆಗೂ ನಮ್ಮ ಸೀಮೆಗೂ ಒಂದು ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿಕೊಂಡವನು, 1809ರ ಮೇ ತಿಂಗಳಲ್ಲಿ ಪೋರ್ತೊ ಬಳಿ ಡೋರೊ ದಾಟಿ ಫ್ರೆಂಚರನ್ನು ಹಿಮ್ಮೆಟ್ಟಿಸಿದ. ಗೆದ್ದ ಸೈನ್ಯದ ಬೆನ್ನಿಗೆ ಹಿಟ್ಟು, ಮದ್ದು, ಗುಂಡು ಬರಬೇಕಲ್ಲ? ಅವನ್ನು ಎಳೆದದ್ದು ಆ ನಾಡಿನ ಎತ್ತಿನ ಗಾಡಿಗಳು. ಹಲಗೆ ಜೋಡಿಸಿದ ಇಡಿ ಗಾಲಿ, ಗಾಲಿಯ ಜೊತೆಗೇ ತಿರುಗುವ ಅಚ್ಚು. ಅವುಗಳ ಕಿರುಗುಟ್ಟುವ ಸದ್ದು ಕಿವಿ ಕೊರೆಯುತ್ತಿತ್ತೆಂದು ಆ ಯುದ್ಧದಲ್ಲಿದ್ದ ಇಂಗ್ಲಿಷ್ ಸೈನಿಕರು ಬರೆದಿಟ್ಟಿದ್ದಾರೆ. ಆ ಗುಡ್ಡಗಾಡಿನ ದಾರಿಗಳಲ್ಲಿ ನಡೆಸಿದ ಯುದ್ಧದ ಉದ್ದಕ್ಕೂ ವೆಲಿಂಗ್ಟನ್ ಮೈಸೂರಿನ ಅಮೃತಮಹಲ್ ಎತ್ತುಗಳು ತನ್ನ ಬಳಿ ಇಲ್ಲವಲ್ಲ ಎಂದು ಪದೇ ಪದೇ ಹಲುಬಿದನೆಂದು ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಹೇಳುತ್ತದೆ.

ಅಮೃತಮಹಲ್ ಇಲಾಖೆಯ ಕೇಂದ್ರ ಕಚೇರಿ ಇದ್ದದ್ದು ನಮ್ಮ ಹುಣಸೂರಿನಲ್ಲಿ. ನಾನು ಹುಣಸೂರಿನ ಗಾಡಿ ಬಡಗಿಯ ಮಗ. ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳನ್ನು ಸೈಕಲ್ಲಿನಲ್ಲೇ ಸುತ್ತುತ್ತೇನೆ, ಕಾಲಿಗೆ ಶಕ್ತಿ ಇರುವವರೆಗೂ ಸುತ್ತುತ್ತೇನೆ. ಮೇಷ್ಟರಾಗಿ ನಾನು ಪಾಠ ಮಾಡಿದ ಇತಿಹಾಸದಲ್ಲಿ ರಾಜರಿದ್ದರು, ದಳವಾಯಿಗಳಿದ್ದರು, ಕೋಟೆಗಳಿದ್ದವು. ಆ ಕೋಟೆಗೆ ಕಲ್ಲು ಎಳೆದವರು, ಆ ದಂಡಿಗೆ ಅಕ್ಕಿ ಹೊತ್ತವರು ಪಠ್ಯದಲ್ಲಿ ಇರಲಿಲ್ಲ. ನನ್ನ ಕಣ್ಣಿಗೆ ಈ ಸೀಮೆಯನ್ನು ಕಟ್ಟಿದವರೇ ಅವರು. ಎತ್ತು, ಆನೆ, ಗಾಡಿ, ಕೊನೆಗೆ ಸೈಕಲ್ಲು. ಹೊರೆ ಹೊತ್ತು ಏರು ಹತ್ತಿದವರ ಕಥೆಯನ್ನು ನಾನು ಬರೆಯಬೇಕಿದೆ.

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯನ್ನೇ ತೆಗೆದುಕೊಳ್ಳಿ. ಕಾರಿನಲ್ಲಿ ಕೂತವರಿಗೆ ಅದು ಮಟ್ಟಸವಾದ ರಸ್ತೆ. ಸೈಕಲ್ ತುಳಿಯುವವನ ತೊಡೆಗೆ ಮಾತ್ರ ಬೇರೆ ಲೆಕ್ಕ ಗೊತ್ತು. ಒಂದು ದಿಣ್ಣೆ ಏರಿದರೆ ಒಂದು ಹಳ್ಳಕ್ಕೆ ಇಳಿತ, ಮತ್ತೆ ಇನ್ನೊಂದು ದಿಣ್ಣೆ, ಪ್ರತಿ ದಿಣ್ಣೆಯೂ ಹಿಂದಿನದಕ್ಕಿಂತ ಚೂರು ಎತ್ತರ. ಬೆನ್ನ ಹಿಂದೆ ಬಯಲು, ಮುಂದೆ ಬ್ರಹ್ಮಗಿರಿಯ ಸಾಲು. ಮೈಸೂರು ಬಿಟ್ಟ ಮೇಲೆ ಸುಮಾರು 15 ಕಿಲೋಮೀಟರಿಗೆ ಇಲವಾಲ, ಮತ್ತೆ ಅಷ್ಟೇ ದೂರಕ್ಕೆ ಬಿಳಿಕೆರೆ, ಮತ್ತೆ ಅಷ್ಟಕ್ಕೆ ಹುಣಸೂರು, ಆಮೇಲೆ ಕಂಪಲಾಪುರ, ಆಮೇಲೆ ಪಿರಿಯಾಪಟ್ಟಣ. ಹೊರೆ ಹೇರಿದ ಗಾಡಿ ಗಂಟೆಗೆ ಎರಡು ಮೈಲಿ ನಡೆದೀತು. ಬೆಳಗಿನ ತಂಪಿನಲ್ಲಿ ಹೊರಟು, ಮಧ್ಯಾಹ್ನ ನೊಗ ಇಳಿಸಿ, ಸಂಜೆ ಮತ್ತೆ ಹೂಡಿದರೆ ದಿನಕ್ಕೆ ಹತ್ತು ಮೈಲಿ. ಈ ಊರುಗಳು ಹತ್ತತ್ತು ಮೈಲಿಗೆ ಕೂತಿರುವುದಕ್ಕೆ ಎತ್ತಿನ ದಣಿವೇ ಕಾರಣ ಎಂಬುದು ನನ್ನ ನಂಬಿಕೆ. ಆ ಊರುಗಳಲ್ಲಿ ಇಳಿದು ನೀರು ಕುಡಿಯುವ ನನಗೂ ಅದೇ ಜಾಗದಲ್ಲಿ ದಣಿವಾಗುತ್ತದೆ.

ಎತ್ತಿನ ಕಥೆಗೆ ಬರುತ್ತೇನೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಇದ್ದ ದನದ ಹಿಂಡಿಗೆ ಬೆಣ್ಣೆ ಚಾವಡಿ ಎಂದು ಹೆಸರು. ಅವುಗಳ ಮೇವಿಗೆಂದು ನಾಡಿನ ಬೇರೆ ಬೇರೆ ಕಡೆ ಹುಲ್ಲುಗಾವಲು ಮೀಸಲಿಟ್ಟಿದ್ದರು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೆ ಕೆರೆಯಂಗಳದ ನೆರಳು ನೀರು ಇರುವ ಇನ್ನೊಂದು. ಹಿಂಡು ಕಾಲಕ್ಕೆ ತಕ್ಕಂತೆ ಕಾವಲಿನಿಂದ ಕಾವಲಿಗೆ ನಡೆಯುತ್ತಿತ್ತು. ಇಂದಿಗೂ ನಮ್ಮ ಕಡೆಯ ಎಷ್ಟೋ ಊರುಗಳ ಹೆಸರಿನ ಬಾಲದಲ್ಲಿ ಕಾವಲ್ ಉಳಿದುಕೊಂಡಿದೆ. ಹೈದರಾಲಿ ಈ ದನಗಳನ್ನು ಹಾಲಿಗಿಂತ ಹೆಚ್ಚಾಗಿ ಫಿರಂಗಿ ಎಳೆಯಲು ಕಂಡ. ಚಿದಂಬರಂ ಕಾಪಾಡಲು ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿದ್ದು ಈ ಎತ್ತುಗಳ ಬಲದಿಂದ. ಟಿಪ್ಪು ಇಲಾಖೆಗೆ ಅಮೃತಮಹಲ್ ಎಂಬ ಹೆಸರಿಟ್ಟು ಕಟ್ಟುನಿಟ್ಟಿನ ಕಟ್ಟಳೆ ಮಾಡಿದ. ಹಳ್ಳಿಕಾರ್ ತಳಿಯ ಬಂಧುಗಳು ಇವು. ನೀಳ ಕೋಡು, ಬಿಗಿ ಮೈ, ಗಟ್ಟಿ ಗೊರಸು. ನಡಿಗೆಯಲ್ಲಿ ದಂಡಿನ ಕಾಲಾಳುಗಳನ್ನೂ ಮೀರಿಸುವಂಥವು.

ಎತ್ತಿಲ್ಲದ ದಂಡಿನ ಗತಿ ಏನೆಂಬುದಕ್ಕೆ ಸಾಕ್ಷಿ ಹುಡುಕಲು ನಾವು ಪೋರ್ಚುಗಲ್‌ಗೆ ಹೋಗಬೇಕಿಲ್ಲ. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊರಗೆ ಅರಕೆರೆಯಲ್ಲಿ ಗೆದ್ದ. ಆದರೆ ಅಷ್ಟರಲ್ಲಿ ಮಳೆ ಹಿಡಿದಿತ್ತು, ಮೇವಿರಲಿಲ್ಲ, ಅವನ ಎತ್ತುಗಳು ಸಾಲು ಸಾಲಾಗಿ ಸತ್ತವು. ಕಣ್ಣಂಬಾಡಿಯ ಬಳಿ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಬೆಂಗಳೂರಿಗೆ ಹಿಂದಿರುಗಿದ. ಮಲಬಾರಿನಿಂದ ಕೊಡಗಿನ ಮೇಲೆ ಹತ್ತಿಬಂದು ಪಿರಿಯಾಪಟ್ಟಣದಲ್ಲಿ ಕಾದಿದ್ದ ಇನ್ನೊಬ್ಬ ಇಂಗ್ಲಿಷ್ ಸೇನಾಪತಿ ಅಬರ್‌ಕ್ರಾಂಬಿಯ ಸೈನ್ಯವೂ ಅದೇ ವೇಳೆಗೆ ಘಟ್ಟ ಇಳಿಯಬೇಕಾಯಿತು. ಮುಂದೆ ಆ ಸೈನ್ಯಗಳ ಹೊಟ್ಟೆ ಹೊರೆದವರು ಬಂಜಾರರು, ನಮ್ಮ ಕಡೆಯ ಮಾತಿನಲ್ಲಿ ಲಂಬಾಣಿಗಳು. ಸಾವಿರ ಸಾವಿರ ಹೇರೆತ್ತುಗಳ ಬೆನ್ನ ಮೇಲೆ ಕಾಳು ಹೇರಿಕೊಂಡು ಯಾವ ದಂಡಿಗೆ ಬೇಕಾದರೂ ಮಾರುತ್ತಿದ್ದ ಅವರ ನೆರವಿಲ್ಲದೆ ಶ್ರೀರಂಗಪಟ್ಟಣದ 1792ರ ಮುತ್ತಿಗೆ ನಡೆಯುತ್ತಲೇ ಇರಲಿಲ್ಲ. ನಮ್ಮ ತಾಲ್ಲೂಕುಗಳ ಲಂಬಾಣಿ ಮಕ್ಕಳಿಗೆ ಪಾಠ ಮಾಡುವಾಗ ಇದನ್ನು ನಾನು ತಪ್ಪದೆ ಹೇಳುತ್ತಿದ್ದೆ. ಬೆಂಚಿನ ಮೇಲೆ ಅವರು ನೆಟ್ಟಗೆ ಕೂರುತ್ತಿದ್ದರು.

1799ರ ನಂತರ ಅಮೃತಮಹಲ್ ಕಂಪನಿ ಸರ್ಕಾರದ ಕೈಗೆ ಹೋಯಿತು. ಮೊದಲು ಅಸಡ್ಡೆ ಮಾಡಿದರು, ಹಿಂಡು ಸೊರಗಿತು. 1813ರಲ್ಲಿ ಕ್ಯಾಪ್ಟನ್ ಹಾರ್ವಿ ಎಂಬ ಅಧಿಕಾರಿ ವಹಿಸಿಕೊಂಡ ಮೇಲೆ ಚೇತರಿಸಿತು. ಹುಣಸೂರು ಊರಾಗಿ ಬೆಳೆದದ್ದು ಆ ಕಾಲದಲ್ಲೇ. ಲಕ್ಷ್ಮಣತೀರ್ಥದ ದಡ, ಪಕ್ಕದಲ್ಲೇ ತೇಗ ಹೊನ್ನೆ ಮತ್ತಿ ತುಂಬಿದ ಕಾಡು, ಊರ ಸುತ್ತ ಕಾವಲು. ಸೈನ್ಯಕ್ಕೆ ಬೇಕಾದ ಎಲ್ಲವೂ ಕೈಗೆಟುಕುವಲ್ಲಿ. ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ, ಮರದ ಅಡ್ಡೆ ಎಲ್ಲವನ್ನೂ ಇಲ್ಲೇ ಸ್ಥಾಪಿಸಿದರು. ಮದರಾಸು ಸೈನ್ಯದ ಬೂಟು, ಬೆನ್ನುಚೀಲ, ಹೇರುಜೀನು ಹುಣಸೂರಿನಿಂದ ಹೋಗುತ್ತಿದ್ದವು. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚು ಉಳಿಸುವ ನೆಪದಲ್ಲಿ ಅಮೃತಮಹಲನ್ನೇ ರದ್ದು ಮಾಡಿ ದನಗಳನ್ನು ಹರಾಜಿಗಿಟ್ಟ. ಆರೇ ವರ್ಷದಲ್ಲಿ ಒಳ್ಳೆಯ ಎತ್ತು ಸಿಗದೆ, ಚದುರಿಹೋದ ದನಗಳನ್ನು ಹುಡುಕಿ ತಂದು 1866ರಲ್ಲಿ ಮತ್ತೆ ಶುರುಮಾಡಬೇಕಾಯಿತು. ಒಂದು ತಳಿ ಕಟ್ಟಲು ಇನ್ನೂರು ವರ್ಷ ಬೇಕು, ಕೆಡಿಸಲು ಒಂದು ಆದೇಶ ಸಾಕು. ಇಂದು ಆ ತಳಿಯ ಸರ್ಕಾರಿ ಕೇಂದ್ರ ಇರುವುದು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ.

ಸೈನ್ಯದ ಕಾರ್ಖಾನೆಗಳು ಮುಚ್ಚಿದರೂ ಕೈಗೆ ಹತ್ತಿದ ಕಸುಬು ಊರಲ್ಲೇ ಉಳಿಯಿತು. ಚರ್ಮದವರು ಬೂಟು ಹೊಲಿಯುತ್ತಲೇ ಇದ್ದರು, ಕುರುಬರು ಕಂಬಳಿ ನೇಯುತ್ತಲೇ ಇದ್ದರು, ನಮ್ಮವರು ಗಾಡಿ ಕಟ್ಟುತ್ತಲೇ ಇದ್ದರು. ರೈಸ್ ತಮ್ಮ ಕಾಲದಲ್ಲೂ ಹುಣಸೂರಿನ ಗಾಡಿಗೆ, ಪೀಠೋಪಕರಣಕ್ಕೆ ಒಳ್ಳೆಯ ಹೆಸರಿತ್ತೆಂದು ಬರೆಯುತ್ತಾರೆ. ಆಗ ಗಾಡಿಗೆ ಹೊಸ ಹೊರೆಯೊಂದು ಸಿಕ್ಕಿತ್ತು: ಕಾಫಿ. ಕೊಡಗಿನ ತೋಟಗಳ ಕಾಫಿ ಗಾಡಿಗಳಲ್ಲಿ ಕುಶಾಲನಗರದ ಹೊಳೆ ದಾಟಿ, ಪಿರಿಯಾಪಟ್ಟಣ ದಾಟಿ ಹುಣಸೂರಿಗೆ ಬರುತ್ತಿತ್ತು. ಲಂಡನ್ನಿನ ಮ್ಯಾಥೆಸನ್ ಕಂಪನಿಯ ಕಾಫಿ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಸಿಕೊಂಡು, ಒಣಗಿ, ಆರಿಸಿಕೊಂಡು ಯುರೋಪಿಗೆ ಹೊರಡುತ್ತಿತ್ತು.

ಅಪ್ಪ ಗಾಲಿ ಕಟ್ಟುವುದನ್ನು ನೋಡುತ್ತ ಬೆಳೆದವನು ನಾನು. ಮೊದಲು ಗುಂಬ, ಅಂದರೆ ಗಾಲಿಯ ನಡುಗುಂಡು. ಅದಕ್ಕೆ ಕರಿಜಾಲಿಯೇ ಆಗಬೇಕು, ಅದೂ ವರ್ಷಗಟ್ಟಲೆ ನೆರಳಲ್ಲಿ ಒಣಗಿರಬೇಕು. ಗುಂಬಕ್ಕೆ ಸುತ್ತ ತೂತು ಕೊರೆದು ಆರೆಕಾಲು ಹೊಡೆಯುವಾಗ ಅಪ್ಪ ಮಾತಾಡುತ್ತಿರಲಿಲ್ಲ. ಒಂದು ಆರೆ ಅರ್ಧ ಬೆರಳು ವಾಲಿದರೂ ಗಾಲಿ ಜೀವಮಾನವೆಲ್ಲ ಕುಂಟುತ್ತದೆ. ಆರೆಗಳ ಮೇಲೆ ವಟ್ಟು, ಅಂದರೆ ಬಾಗಿದ ಹೊರಸುತ್ತಿನ ತುಂಡು, ಕೂರಿಸಿ ಸುತ್ತು ಮುಗಿಸಿದ ಮೇಲೆ ಪಟ್ಟಿ ಹಾಕುವ ದಿನ. ಕಬ್ಬಿಣದ ಪಟ್ಟಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿಯೇ ಬೆಸೆದಿರುತ್ತಾರೆ. ಬೆರಣಿ ಸೌದೆಯ ಬೆಂಕಿಯಲ್ಲಿ ಅದು ಕೆಂಪಗೆ ಕಾದು ಹಿಗ್ಗಿದಾಗ ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ಗಾಲಿಗೆ ತೊಡಿಸಿ, ಸುತ್ತಿಗೆಯಲ್ಲಿ ಬಡಿದು, ಕೂಡಲೇ ಕೊಡಗಟ್ಟಲೆ ನೀರು ಸುರಿಯಬೇಕು. ಹೊಗೆ, ಆವಿ, ಮರ ಸುಟ್ಟ ವಾಸನೆ. ಪಟ್ಟಿ ತಣ್ಣಗಾಗುತ್ತ ಕುಗ್ಗಿ ವಟ್ಟು, ಆರೆ, ಗುಂಬ ಎಲ್ಲವನ್ನೂ ಒಟ್ಟಿಗೆ ಬಿಗಿಯುತ್ತದೆ. ಆಗ ಒಳಗಿನ ಕೂಡುಗಳು ಟಕ್ ಟಕ್ ಎಂದು ಕೂತುಕೊಳ್ಳುವ ಸದ್ದು ಬರುತ್ತದೆ. ಆ ಸದ್ದು ಕೇಳಿದ ಮೇಲೆಯೇ ಅಪ್ಪ ಬೀಡಿ ಹಚ್ಚುತ್ತಿದ್ದದ್ದು. ಟೈರು ಗಾಡಿ ಬಂತು, ಟ್ರ್ಯಾಕ್ಟರ್ ಬಂತು, ಅಪ್ಪನ ಕೊನೆಯ ವರ್ಷಗಳಲ್ಲಿ ಬಾಗಿಲು ಕಿಟಕಿಯ ಕೆಲಸವೇ ಹೆಚ್ಚು. ನಾನು ಈಗ ನನ್ನ ಸೈಕಲ್ಲಿನ ರಿಮ್ಮನ್ನು ಕಡ್ಡಿ ಬಿಗಿದು ಸರಿಮಾಡುವಾಗ ಅಪ್ಪನ ಹಾಗೆಯೇ ಒಂದು ಕಣ್ಣು ಮುಚ್ಚಿ ನೋಡುತ್ತೇನೆ.

ಪಿರಿಯಾಪಟ್ಟಣದ ವಿಷಯಕ್ಕೆ ಬಂದರೆ ಮನಸ್ಸು ಭಾರವಾಗುತ್ತದೆ. ಚಂಗಾಳ್ವರ ರಾಜಧಾನಿ ಅದು. ಮೊದಲು ಸಿಂಗಪಟ್ಟಣವಾಗಿದ್ದ ಊರನ್ನು 16ನೇ ಶತಮಾನದ ಕೊನೆಯ ಹೊತ್ತಿಗೆ ಪಿರಿಯರಾಜ ಹೊಸದಾಗಿ ಕಟ್ಟಿ ತನ್ನ ಹೆಸರಿಟ್ಟ. 1644ರಲ್ಲಿ ಕಂಠೀರವ ನರಸರಾಜ ಒಡೆಯರ ಸೈನ್ಯ ಮುತ್ತಿದಾಗ ವೀರರಾಜ ತನ್ನ ಹೆಂಡಿರು ಮಕ್ಕಳನ್ನು ತಾನೇ ಕೊಂದು, ಕೋಟೆ ಕಾಯುತ್ತ ಸತ್ತ. ಅಲ್ಲಿಂದ ಮುಂದೆ ಮೈಸೂರು ಮತ್ತು ಕೊಡಗಿನ ನಡುವೆ ಈ ಕೋಟೆ ಕೈ ಬದಲಾಯಿಸುತ್ತಲೇ ಇತ್ತು. ಟಿಪ್ಪು ಕೊಡಗಿನ ದೊಡ್ಡ ವೀರರಾಜೇಂದ್ರನನ್ನು ಸೆರೆಯಿಟ್ಟದ್ದು ಇಲ್ಲಿಯೇ. 1788ರ ಡಿಸೆಂಬರಿನಲ್ಲಿ ಅವನು ಮನೆಯವರೊಂದಿಗೆ ಇಲ್ಲಿಂದ ತಪ್ಪಿಸಿಕೊಂಡು ಹೋಗಿ ಕೊಡಗನ್ನು ಮತ್ತೆ ಗೆದ್ದುಕೊಂಡ. 1799ರ ಮಾರ್ಚ್ ಆರಂಭದಲ್ಲಿ ಊರಿನ ಪಶ್ಚಿಮಕ್ಕಿರುವ ಸಿದ್ದೇಶ್ವರದ ಗುಡ್ಡದ ಮೇಲೆ ನಿಂತಿದ್ದ ಕೊಡಗಿನವರು ಮತ್ತು ಬೊಂಬಾಯಿ ಸೈನ್ಯದವರು ಬಯಲಿನಲ್ಲಿ ನೂರಾರು ಡೇರೆಗಳು ಏಳುವುದನ್ನು, ಅವುಗಳ ನಡುವೆ ದೊಡ್ಡದೊಂದು ಹಸಿರು ಡೇರೆಯನ್ನು ಕಂಡರು. ಟಿಪ್ಪು ಸ್ವತಃ ಬಂದಿದ್ದ. ಮಾರ್ಚ್ 6ರಂದು ನಡೆದ ಆ ಕಾಳಗದಲ್ಲಿ ಅವನು ಸೋತು ಪಿರಿಯಾಪಟ್ಟಣಕ್ಕೆ ಹಿಂದೆ ಸರಿದ. ಎರಡು ತಿಂಗಳಲ್ಲಿ ಶ್ರೀರಂಗಪಟ್ಟಣವೂ ಬಿತ್ತು. ಇಷ್ಟೆಲ್ಲ ನಡೆದ ನೆಲವಿದು. ಮಸಣಿಕಮ್ಮನ ಗುಡಿಗೆ ಕೈಮುಗಿದು ಹಳೇ ಕೋಟೆಯ ಕಡೆ ಸೈಕಲ್ ತಿರುಗಿಸಿದರೆ ಕುಸಿದ ಗೋಡೆ, ಮುಳ್ಳು ಪೊದೆ. ಕೊಡಗಿಗೆ ಹೋಗುವ ಸಾವಿರಾರು ಕಾರುಗಳಲ್ಲಿ ಇಲ್ಲಿ ನಿಲ್ಲುವುದು ಯಾವುದು?

ಪಿರಿಯಾಪಟ್ಟಣದಿಂದ ಉತ್ತರಕ್ಕೆ ಹೋದರೆ ಬೆಟ್ಟದಪುರ. ದೂರದಿಂದಲೇ ಬೆಟ್ಟ ಕಾಣುತ್ತದೆ. 4,389 ಅಡಿ ಎತ್ತರ, ನೆತ್ತಿಯ ಮೇಲೆ ಸಿಡಿಲು ಮಲ್ಲಿಕಾರ್ಜುನ. ಗುಡಿಗೆ ಸಿಡಿಲು ಬಡಿದರೂ ಲಿಂಗಕ್ಕೆ ಏನೂ ಆಗುವುದಿಲ್ಲವೆಂಬ ನಂಬಿಕೆ. ಸಂಕೇತಿಗಳ ಊರಿದು. ಸೈಕಲ್ಲನ್ನು ಬುಡದ ಅಂಗಡಿಯಲ್ಲಿ ಬಿಟ್ಟು ಮೆಟ್ಟಿಲು ಹತ್ತಿದರೆ ಒಂದು ಕಡೆ ಕೊಡಗಿನ ನೀಲಿ ಸಾಲು, ಇನ್ನೊಂದು ಕಡೆ ಕಾವೇರಿಯ ಬಯಲು ಕಾಣುತ್ತವೆ. ಈ ನಾಡಿನ ನಕ್ಷೆ ಅರ್ಥವಾಗಬೇಕಾದರೆ ಒಮ್ಮೆ ಇಲ್ಲಿ ನಿಲ್ಲಬೇಕು. ಪಶ್ಚಿಮಕ್ಕೆ ಬೈಲುಕುಪ್ಪೆ. 1960ರ ದಶಕದ ಆರಂಭದಲ್ಲಿ ಮನೆ ಮಠ ಬಿಟ್ಟು ಹಿಮಾಲಯ ದಾಟಿ ಬಂದ ಟಿಬೆಟಿಯನ್ನರಿಗೆ ಆಗಿನ ಮೈಸೂರು ಸರ್ಕಾರ ಇಲ್ಲಿ ಜಾಗ ಕೊಟ್ಟಿತು. ಕಾಡು ಕಡಿದು ಮುಸುಕಿನ ಜೋಳ ಬೆಳೆದು ಅವರು ಊರು ಕಟ್ಟಿದರು.

ಕೆ.ಆರ್. ನಗರದ ಕಡೆ ಇಳಿದರೆ ತೊಡೆಗೆ ಸುಖ. ಕಾವೇರಿಯ ಬಯಲು, ನಾಲೆ, ಭತ್ತದ ಗದ್ದೆ. ಏರಿಳಿತ ಕಡಿಮೆ, ನಾಲೆ ಏರಿಯ ಮೇಲಿನ ದಾರಿ ಹಿಡಿದರೆ ನೆರಳೂ ಉಂಟು. ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ ನೀರನ್ನು ನಾಲೆಗೆ ತಿರುಗಿಸುವ ಕಸುಬು ಇಲ್ಲಿ ಬಹಳ ಹಳೆಯದು. ಚುಂಚನಕಟ್ಟೆಯಲ್ಲಿ ಕಟ್ಟೆ ದಾಟಿದ ಕಾವೇರಿ ಬಂಡೆಗಳ ನಡುವೆ ಸುಮಾರು 60 ಅಡಿ ಕೆಳಕ್ಕೆ ಧುಮ್ಮಿಕ್ಕುತ್ತಾಳೆ. ಪಕ್ಕದಲ್ಲೇ ಕೋದಂಡರಾಮನ ಗುಡಿ. ಸಂಕ್ರಾಂತಿಯ ಸುಮಾರಿಗೆ ಅಲ್ಲಿ ನಡೆಯುವ ದನಗಳ ಜಾತ್ರೆಗೆ ನಾನು ತಪ್ಪದೆ ಹೋಗುತ್ತೇನೆ. ಹಳ್ಳಿಕಾರ್ ಹೋರಿಗಳ ಸಾಲು, ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ಬಾಯಿ ತೆರೆದು ನೋಡುವವರು, ಸುಳಿ ನೋಡುವವರು, ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವವರು. ಉಳುಮೆಗೆ ಟ್ರ್ಯಾಕ್ಟರ್ ಇಟ್ಟುಕೊಂಡವರೂ ಒಂದು ಜೊತೆ ಕಟ್ಟಿ ಸಾಕುತ್ತಾರೆ. ಲಾಭ ನಷ್ಟದ ಮಾತೆತ್ತಿದರೆ ಅವರಿಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಚಿದಂಬರಕ್ಕೆ ಫಿರಂಗಿ ಎಳೆದವುಗಳ ರಕ್ತಸಂಬಂಧಿಗಳು ಇನ್ನೂ ಕಾಣಸಿಗುವುದು ಇಂಥ ಜಾತ್ರೆಗಳಲ್ಲೇ.

ಅಲ್ಲಿಂದ ಮುಂದಕ್ಕೆ ಸಾಲಿಗ್ರಾಮ. ಚೋಳದೇಶ ಬಿಟ್ಟು ಬಂದ ರಾಮಾನುಜರು ಮೇಲುಕೋಟೆಗೆ ಹೋಗುವ ಮೊದಲು ತಂಗಿದ್ದ ಊರೆಂದು ಶ್ರೀವೈಷ್ಣವರಿಗೆ ಪುಣ್ಯಕ್ಷೇತ್ರ. ಜೈನ ಬಸದಿಯೂ ಇದೆ. ಹೊಳೆಯಗುಂಟ ಇನ್ನೊಂದು ಕಡೆ ಕಪ್ಪಡಿ, ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿಯ ಗದ್ದುಗೆ. ಜಾತ್ರೆಗೆ ನೀಲಗಾರರ ತಂಬೂರಿ ಗಗ್ಗರ ಕೇಳುತ್ತ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಊರು.

ಕೆ.ಆರ್. ನಗರ ಎಂಬ ಊರು ಮಾತ್ರ ಹೊಸದು. ಹಳೆಯ ಊರು ಎಡತೊರೆ, ಅರ್ಕೇಶ್ವರನ ಗುಡಿಯ ಎಡತೊರೆ. 1924ರ ಜುಲೈನಲ್ಲಿ ಕಾವೇರಿ ಹಿಂದೆಂದೂ ಕಾಣದಷ್ಟು ಉಕ್ಕಿ ದಂಡೆಯ ಊರುಗಳನ್ನೆಲ್ಲ ನುಗ್ಗುಮಾಡಿದಳು. ಎಡತೊರೆಯ ಜನರಿಗಾಗಿ ಹೊಳೆಯಿಂದ ದೂರಕ್ಕೆ, ರೈಲು ದಾರಿಯ ಹತ್ತಿರ, ನೇರ ರಸ್ತೆಗಳ ಹೊಸ ಊರನ್ನು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಮೈಸೂರು ಅರಸೀಕೆರೆ ರೈಲು ಅದಕ್ಕೆ ಕೆಲವು ವರ್ಷಗಳ ಮೊದಲು, 1918ರ ಹೊತ್ತಿಗೆ ಓಡಲು ತೊಡಗಿತ್ತು. ಅಲ್ಲಿಂದಾಚೆಗೆ ಗಾಡಿಯ ಕೆಲಸ ಮೊಟಕಾಯಿತು. ಗದ್ದೆಯಿಂದ ಸ್ಟೇಷನ್ನಿನವರೆಗೆ, ಸಂತೆಯಿಂದ ಮನೆಯವರೆಗೆ.

ಎಚ್.ಡಿ. ಕೋಟೆಯ ದಾರಿ ಬೇರೆ ಜಾತಿಯದು. ಹುಣಸೂರಿನಿಂದ ದಕ್ಷಿಣಕ್ಕೆ ಹೊರಟರೆ ಕೆಂಪು ನೆಲ, ಹತ್ತಿ, ರಾಗಿ, ಮತ್ತೆ ಮತ್ತೆ ಏರು. ಕಬಿನಿಯ ದಂಡೆಯ ಕಿತ್ತೂರು ಒಂದು ಕಾಲಕ್ಕೆ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರ. ಗಂಗರ ಅವಿನೀತ ಆ ಮನೆತನದ ಹೆಣ್ಣು ತಂದ, ಮಗ ದುರ್ವಿನೀತನ ಕಾಲಕ್ಕೆ ಪುನ್ನಾಟ ಗಂಗರದಾಯಿತು. ಅದಕ್ಕೂ ಮುಂಚೆ 2ನೇ ಶತಮಾನದಲ್ಲಿ ಗ್ರೀಕ್ ಭೂಗೋಳಜ್ಞ ಟಾಲೆಮಿ ಬೆರಿಲ್ ಎಂಬ ರತ್ನ ಸಿಗುವ ಊರೆಂದು ಪುನ್ನಾಟದ ಹೆಸರು ಬರೆದಿದ್ದಾನೆ. ಪೋರ್ಚುಗೀಸರು ಕರಾವಳಿಗೆ ಬರುವ 1,300 ವರ್ಷ ಮೊದಲೇ ಈ ಕಾಡಂಚಿನ ಹೆಸರು ಮೆಡಿಟರೇನಿಯನ್ ದಡದವರಿಗೆ ಗೊತ್ತಿತ್ತು. ಆ ಕಲ್ಲುಗಳನ್ನು ಘಟ್ಟ ಇಳಿಸಿ ಮಲಬಾರಿನ ಬಂದರಿಗೆ ಮುಟ್ಟಿಸಿದವರು ಯಾರೋ ಹೇರೆತ್ತಿನವರೇ ಇರಬೇಕು.

ಕಾಡಿನ ಗೇಟಿನ ಆಚೆಗೆ ನಾನು ಸೈಕಲ್ ಒಯ್ಯುವುದಿಲ್ಲ. ಅದು ಆನೆಗಳ ಮನೆ. ಇಲ್ಲಿಯ ಕಾಕನಕೋಟೆಯ ಕಾಡಿನಲ್ಲೇ ಹಿಂದೆ ಖೆಡ್ಡಾ, ಅಂದರೆ ಕಾಡಾನೆಗಳ ಹಿಂಡನ್ನು ಹಿಡಿಯುವ ಕೆಲಸ, ನಡೆಯುತ್ತಿತ್ತು. ಹೈದರಾಲಿ ಆನೆ ಹಿಡಿಯಲು ಹೋಗಿ ಸೋತಿದ್ದ. 1874ರಲ್ಲಿ ಚಾಮರಾಜನಗರದ ಕಡೆ ಜಿ.ಪಿ. ಸ್ಯಾಂಡರ್‌ಸನ್ ಹಿಂಡನ್ನೇ ಹಿಡಿದು ತೋರಿಸಿದ. ಮುಂದೆ ಕಾಕನಕೋಟೆಯಲ್ಲಿ ಹಿಂಡನ್ನು ತಮಟೆ, ಪಂಜು, ಕೂಗಿನಿಂದ ಅಟ್ಟಿ ಕಬಿನಿಯ ನೀರಿಗಿಳಿಸಿ ಆವರಣಕ್ಕೆ ನೂಕುವ ಹೊಳೆ ಖೆಡ್ಡಾ ಲೋಕಪ್ರಸಿದ್ಧವಾಯಿತು. ವೈಸರಾಯ್‌ಗಳು ಮಂಟಪದಲ್ಲಿ ಕೂತು ನೋಡಿದರು. ಆನೆಯ ಜಾಡು ಹಿಡಿದವರು, ಕಾಲಿಗೆ ಹಗ್ಗ ಬಿಗಿದವರು, ಪಳಗಿಸಿದವರು ಜೇನುಕುರುಬರು, ಬೆಟ್ಟಕುರುಬರು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. 1974ರಲ್ಲಿ ಬೀಚನಹಳ್ಳಿ ಬಳಿಯ ಕಬಿನಿ ಅಣೆಕಟ್ಟು ಮುಗಿದು, ಖೆಡ್ಡಾ ನಡೆದ ಹೊಳೆಯಂಗಳ, ಹಳ್ಳಿಗಳು, ಮಾಸ್ತಿಗುಡಿ ಎಲ್ಲವೂ ಹಿನ್ನೀರಿಗೆ ಹೋದವು. ಅಭಯಾರಣ್ಯವಾದ ಮೇಲೆ ಹಾಡಿಯ ಜನರನ್ನೂ ಕಾಡಿನಿಂದ ಹೊರಗೆ ತಂದರು. ಆನೆ ಪಳಗಿಸಿ ಕೊಟ್ಟವರ ಮಕ್ಕಳು ಇವತ್ತು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವುದನ್ನು ಬೆಳಗಿನ ಜೀಪುಗಳಲ್ಲಿ ಕಾಣುತ್ತೇನೆ. ಇದು ಅನ್ಯಾಯ. ಬೇರೆ ಮಾತಿಲ್ಲ.

ದಸರೆಯ ಅಂಬಾರಿ ಹೊತ್ತ ಅರ್ಜುನ 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು, ಎಚ್.ಡಿ. ಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದವನು. 750 ಕಿಲೋ ತೂಕದ ಅಂಬಾರಿಯನ್ನು 2012ರಿಂದ 2019ರವರೆಗೆ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಾಡಿನಲ್ಲಿ ಇನ್ನೊಂದು ಆನೆ ಹಿಡಿಯುವ ಕೆಲಸದಲ್ಲಿ ಕಾದಾಡಿ ಸತ್ತ. ಅಂದು ನಮ್ಮ ಕಡೆಯ ಹಳ್ಳಿಗಳಲ್ಲಿ ದೊಡ್ಡವರು ಚಿಕ್ಕವರು ಎನ್ನದೆ ಜನ ಅತ್ತರು. ದಸರೆಯ ಆನೆಗಳ ಗಜಪಯಣ ಇಂದಿಗೂ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಹೊರಡುತ್ತದೆ. ಹಿಂದೆ ಆನೆಗಳು ಮೈಸೂರಿನವರೆಗೂ ನಡೆದೇ ಹೋಗುತ್ತಿದ್ದವು, ಊರೂರಿನಲ್ಲಿ ಬೆಲ್ಲ ಕಬ್ಬು ತಿಂದು, ಕೆರೆಯಲ್ಲಿ ಮಿಂದು. ಈಗ ಲಾರಿ ಹತ್ತಿ ಹೋಗುತ್ತವೆ.

ಜುಲೈ ಆಗಸ್ಟಿನಲ್ಲಿ ಈ ರಸ್ತೆಗಳಲ್ಲಿ ಸೈಕಲ್ ತುಳಿದರೆ ಹಳ್ಳಿ ಹಳ್ಳಿಯಲ್ಲೂ ಒಂದು ಸಿಹಿಗಾರದ ವಾಸನೆ ಮೂಗಿಗೆ ಬಡಿಯುತ್ತದೆ. ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಬೇಯುವ ವಾಸನೆ. ಈ ಗಿಡವನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ಗೋವಾದಿಂದ ಅದು ಬಿಜಾಪುರಕ್ಕೆ ಬಂತು. 1604ರ ಸುಮಾರಿಗೆ ಮೊಗಲ್ ರಾಯಭಾರಿ ಅಸದ್ ಬೇಗ್ ಅದನ್ನು ಬಿಜಾಪುರದಿಂದ ಕೊಂಡೊಯ್ದು ಅಕ್ಬರನಿಗೆ ತೋರಿಸಿದ. ಅಂದರೆ ಹೊಗೆಸೊಪ್ಪು ಕನ್ನಡ ನೆಲ ಹತ್ತಿ ಉತ್ತರಕ್ಕೆ ಹೋಯಿತು. ನಮ್ಮ ಸೀಮೆಗೆ ವರ್ಜೀನಿಯಾ ತಳಿ ಬಂದದ್ದು ಬಹಳ ಈಚೆಗೆ, 20ನೇ ಶತಮಾನದಲ್ಲಿ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವಾಯಿತು, ಹರಾಜು ಕಟ್ಟೆಗಳಾದವು. ಈ ಬೆಳೆ ಸೋಗೆ ಮನೆಯವರಿಗೆ ಹೆಂಚಿನ ಮನೆ ಕೊಟ್ಟಿತು, ಹೆಣ್ಣುಮಕ್ಕಳ ಮದುವೆ ಮಾಡಿಸಿತು. ಸೊಪ್ಪು ಬೇಯಿಸಲು ಸೌದೆಯಾಗಿ ಸಾಲುಮರವನ್ನೂ ಹೊಲದ ಬದುವಿನ ಮರವನ್ನೂ ತಿಂದಿತು. ಅಪ್ಪನ ಗಾಡಿಗೆ ಗುಂಬವಾಗಬಹುದಾಗಿದ್ದ ಜಾಲಿ, ಮೂಕಿಯಾಗಬಹುದಾಗಿದ್ದ ಮತ್ತಿ ಬ್ಯಾರನ್ನಿನ ಒಲೆಯಲ್ಲಿ ಬೂದಿಯಾದವು. ತಂಬಾಕಿಗೆ ಬದಲಿ ಬೆಳೆ ಬೇಕೆಂಬ ಮಾತಿಗೆ ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಬದಲಿ ಬೆಳೆಗೂ ಅಷ್ಟೇ ಖಾತ್ರಿಯಾದ ಹರಾಜು ಕಟ್ಟೆ ಇರಬೇಕು. ಬರೀ ಉಪದೇಶದಿಂದ ರೈತನ ಸಾಲ ತೀರುವುದಿಲ್ಲ.

ಗಾಡಿ ಹಿಂದೆ ಸರಿದಾಗ ಅದರ ಜಾಗಕ್ಕೆ ಬಂದದ್ದು ಮೊದಲು ಲಾರಿಯಲ್ಲ, ಸೈಕಲ್ಲು. ನನ್ನ ಬಾಲ್ಯದಲ್ಲಿ ಹುಣಸೂರಿನ ಸಂತೆಗೆ ಬರುವ ದಾರಿಗಳೆಲ್ಲ ಸೈಕಲ್ಲುಗಳವು. ಹ್ಯಾಂಡಲ್ಲಿಗೆ ತಲೆಕೆಳಗಾಗಿ ತೂಗುಹಾಕಿದ ಕೋಳಿ, ಕ್ಯಾರಿಯರ್ ಮೇಲೆ ರಾಗಿ ಮೂಟೆ, ಎರಡೂ ಪಕ್ಕ ಹಾಲಿನ ಕ್ಯಾನು, ಮುಂದಿನ ಅಡ್ಡಪಟ್ಟಿಯ ಮೇಲೆ ಮಗು. ಏರು ಬಂದರೆ ಇಳಿದು ನೂಕುತ್ತಿದ್ದರು, ಎತ್ತಿನಂತೆಯೇ ತಲೆ ತಗ್ಗಿಸಿ. ಪುರಸಭೆಗೆ ಕಾಸು ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು, ರಾತ್ರಿ ಡೈನಮೊ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದರು. ಊರೂರಿಗೆ ಬಾಡಿಗೆ ಸೈಕಲ್ ಅಂಗಡಿ. ಸುಗ್ಗಿ ಮುಗಿದ ಮೇಲೆ ಸೈಕಲ್ ಸಾಹಸದವನೊಬ್ಬ ಬರುತ್ತಿದ್ದ. ಊರ ಮುಂದಿನ ಬಯಲಿನಲ್ಲಿ ಹಗಲೂ ರಾತ್ರಿ ಇಳಿಯದೆ ದಿನಗಟ್ಟಲೆ ಸೈಕಲ್ ಮೇಲೇ ಇರುತ್ತಿದ್ದ, ಅದರ ಮೇಲೇ ಸ್ನಾನ, ಅದರ ಮೇಲೇ ಊಟ. ಕೊನೆಯ ದಿನ ಊರವರು ನೋಟಿನ ಹಾರ ಹಾಕುತ್ತಿದ್ದರು. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ನಮ್ಮ ಶಾಲೆಯ ಹೆಣ್ಣುಮಕ್ಕಳು ಸಾಲಾಗಿ ಗಂಟೆ ಬಾರಿಸುತ್ತ ಬರುವುದನ್ನು ಗೇಟಿನಲ್ಲಿ ನಿಂತು ನೋಡುತ್ತಿದ್ದೆ. ಏಳನೇ ತರಗತಿಗೇ ನಿಂತುಹೋಗಬಹುದಾಗಿದ್ದ ಎಷ್ಟೋ ಹುಡುಗಿಯರು ಎಸ್ಸೆಸ್ಸೆಲ್ಸಿ ಮುಟ್ಟಿದರು. ನನ್ನ ವೃತ್ತಿ ಜೀವನದಲ್ಲಿ ಅದಕ್ಕಿಂತ ದೊಡ್ಡ ಸುಧಾರಣೆಯನ್ನು ನಾನು ಕಂಡಿಲ್ಲ.

ಈ ನಾಲ್ಕು ತಾಲ್ಲೂಕನ್ನು ಸೈಕಲ್ಲಿನಲ್ಲಿ ನೋಡಬೇಕೆನ್ನುವವರು ಮಳೆ ಕಳೆದ ಮೇಲೆ, ನವೆಂಬರಿನಿಂದ ಫೆಬ್ರವರಿ ಒಳಗೆ ಬನ್ನಿ. ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯಿರಿ: ಹುಣಸೂರಿನಿಂದ ಚಿಲ್ಕುಂದದ ಮೇಲೆ ಬೆಟ್ಟದಪುರ, ಅಲ್ಲಿಂದ ಚುಂಚನಕಟ್ಟೆ, ಎಡತೊರೆ. ಪಿರಿಯಾಪಟ್ಟಣದ ಕೋಟೆಯಲ್ಲಿ ಅರ್ಧ ದಿನ ಕಳೆಯಿರಿ. ನಿಮ್ಮ ಮನೆಯ ಹಿತ್ತಲಿನಲ್ಲಿ ಹಳೆಯ ಗಾಡಿಯ ಗಾಲಿ ಇದ್ದರೆ ಹೋಟೆಲಿನ ಅಲಂಕಾರಕ್ಕೆ ಮಾರಬೇಡಿ. ಅದನ್ನು ಕಟ್ಟಿದವರು ಯಾರು, ಯಾವ ಮರ, ಎಷ್ಟು ಕೊಟ್ಟರು, ಯಾವ ಊರಿಗೆ ಏನು ಹೇರಿಕೊಂಡು ಹೋಗಿತ್ತು, ಇಷ್ಟನ್ನಾದರೂ ಮನೆಯ ಹಿರಿಯರನ್ನು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪಟ್ಟಿ ಕಾಯಿಸಿ ಗಾಲಿ ಕಟ್ಟಬಲ್ಲ ಕೈಗಳು ನಮ್ಮ ಕಡೆ ಇನ್ನೂ ಕೆಲವು ಇವೆ, ಎಲ್ಲರಿಗೂ ವಯಸ್ಸಾಗಿದೆ.